ಪೋಟೋ ಮೇಡಮ್ಮಿನ ಕಿರಣ ಪುರಾಣ

ಕಣ್ಣಿಗೆ ಕಾಣದ್ದನ್ನು ನೆಚ್ಚಿಕೊಂಡು ಹೊಟ್ಟೆ ಹೊರೆಯುವವರ ಬದುಕಿನಲ್ಲಿ ನಗೆಪಾಟಲಿನ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ದರ್ಜಿಯಾದರೆ ಹೊಲಿದ ರವಿಕೆ ತೋರಿಸಬಹುದು, ಅಡುಗೆಯವರಾದರೆ ಸಾರು ಬಡಿಸಬಹುದು. ನಾನೇನು ತೋರಿಸಲಿ? ನಾನು ಎಕ್ಸ್‌ರೇ ತೆಗೆಯುವವಳು. ಗುಂಡಿ ಒತ್ತುತ್ತೇನೆ, ಮೆಷಿನ್ನು ಒಂದು ಸಲ ಗುಂಯ್ ಅನ್ನುತ್ತದೆ, ಮುಗಿಯಿತು. ಕಿರಣ ಬಂದದ್ದನ್ನೂ ಯಾರೂ ನೋಡಲಿಲ್ಲ, ಹೋದದ್ದನ್ನೂ ಯಾರೂ ನೋಡಲಿಲ್ಲ.

ಮೊದಲು ರಾಮನಗರದ ಒಂದು ಸಣ್ಣ ಎಕ್ಸ್‌ರೇ ಸೆಂಟರಿನಲ್ಲಿದ್ದೆ. ಮದುವೆಯಾದ ಮೇಲೆ ಕನಕಪುರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿದೆ. ಎರಡೂ ಊರಲ್ಲಿ ಜನ ನನಗಿಟ್ಟ ಹೆಸರು ಒಂದೇ, ಪೋಟೋ ಮೇಡಮ್ಮು. ಶುರುವಿನಲ್ಲಿ "ಪೋಟೋ ಅಲ್ಲ, ಎಕ್ಸ್‌ರೇ" ಅಂತ ತಿದ್ದುತ್ತಿದ್ದೆ. "ಆಯ್ತು, ಎಕ್ಸ್‌ರೇ ಪೋಟೋ ಮೇಡಮ್ಮು" ಅಂದರು. ಹೆಸರು ಇನ್ನೂ ಉದ್ದ ಆಗುವ ಮೊದಲು ಸುಮ್ಮನಾದೆ.

ಆಗ ಮೊಬೈಲು ಹೊಸದು. ಹಾರೋಹಳ್ಳಿಯಲ್ಲಿ ಕಾರ್ಖಾನೆಗಳು ಒಂದರ ಹಿಂದೆ ಒಂದು ಏಳುತ್ತಿದ್ದವು. ರೇಡಿಯೇಷನ್ ಅನ್ನುವ ಮಾತು ಟೀವಿಯಿಂದ ಇಳಿದು ಊರೂರಿಗೆ ಬಂದಿತ್ತು. ಅದರ ಬಗ್ಗೆ ಯಾರಿಗೆ ಏನೇ ಅನುಮಾನ ಬಂದರೂ ವಿಚಾರಣೆ ಮಾತ್ರ ನನಗೆ.

ಎದೆಯ ಮೇಲಿನ ಕಲ್ಲು

ರಾಮನಗರದಲ್ಲಿದ್ದಾಗ ಕೂಟಗಲ್ ಕಡೆಯಿಂದ ಒಬ್ಬ ಯಜಮಾನರು ಹೆಂಡತಿಯನ್ನು ಕರೆದುಕೊಂಡು ಬಂದರು. ಆಕೆಗೆ ಬಹಳ ದಿನದಿಂದ ಕೆಮ್ಮು, ಡಾಕ್ಟರು ಎದೆಯ ಎಕ್ಸ್‌ರೇ ಬರೆದಿದ್ದರು. ಆಯಮ್ಮ ಮದುವೆಮನೆಗೆ ಹೊರಟಂತೆ ರೇಷ್ಮೆ ಸೀರೆ ಉಟ್ಟು, ಮುಡಿ ತುಂಬ ಕನಕಾಂಬರ ಮುಡಿದು ಬಂದಿದ್ದರು. ಯಜಮಾನರದೂ ಇಸ್ತ್ರಿ ಮಾಡಿದ ಶರಟು.

"ಸೀರೆ ಬಿಚ್ಚಿಟ್ಟು ಈ ಗೌನು ಹಾಕಿಕೊಳ್ಳಿ. ಸರ, ಓಲೆ ಎಲ್ಲ ತೆಗೆದಿಡಿ" ಅಂದೆ.

ಆಯಮ್ಮನ ಮುಖ ಸಪ್ಪಗಾಯಿತು. "ಎಲ್ಲಾನೂ ತೆಗೆದುಬುಟ್ರೆ ಪೋಟೋದಲ್ಲಿ ಏನವ್ವ ಚೆಂದ ಬತ್ತದೆ?"

ಅವರನ್ನು ಹೇಗೋ ಒಪ್ಪಿಸಿ ಫಿಲಮ್ಮಿನ ಮುಂದೆ ನಿಲ್ಲಿಸಿದೆ. ತಿರುಗಿ ನೋಡಿದರೆ ಪಕ್ಕದಲ್ಲಿ ಯಜಮಾನರೂ ತಲೆ ಬಾಚಿಕೊಂಡು ನಿಂತಿದ್ದಾರೆ.

"ನೀವ್ಯಾಕೆ ನಿಂತಿರಿ?"

"ಮದ್ವೆಲೂ ಒಂದು ಪೋಟೋ ತೆಗೆಸ್ನಿಲ್ಲ ಕಣವ್ವ. ಹೆಂಗೂ ತೆಗಿತಿದ್ದೀಯಲ್ಲ, ಜೋಡಿಗೇ ಒಂದು ಹೊಡೆದುಬುಡು."

ಅವರನ್ನು ಹೊರಗೆ ಕಳಿಸಿ ಎಕ್ಸ್‌ರೇ ತೆಗೆದೆ. ತೊಳೆದು ಒಣಗಿಸಿದ ಫಿಲಮನ್ನು ಬೆಳಕಿಗೆ ಹಿಡಿದು ತೋರಿಸಿದೆ. ಗಂಡ ಹೆಂಡತಿ ಇಬ್ಬರೂ ಬಗ್ಗಿ ನೋಡಿದರು.

"ಮೊಕ ಎಲ್ಲಿ?" ಅಂದರು ಆಯಮ್ಮ.

"ಮುಖ ಬರಲ್ಲಮ್ಮ. ಈ ಕಿರಣ ಮಾಂಸದೊಳಗೆ ತೂರಿಕೊಂಡು ಹೋಗಿಬಿಡುತ್ತೆ. ಎಲುಬು, ಕಲ್ಲು, ಕಬ್ಬಿಣ ಇಂಥ ಗಟ್ಟಿ ಪದಾರ್ಥ ಅಡ್ಡ ಬಂದರೆ ಅಲ್ಲಿ ತಡೆಯುತ್ತೆ. ತಡೆದ ಜಾಗ ಬೆಳ್ಳಗೆ ಕಾಣುತ್ತೆ."

ಯಜಮಾನರು ಫಿಲಮನ್ನು ನನ್ನ ಕೈಯಿಂದ ಇಸಿದುಕೊಂಡರು. ಕಿಟಕಿಯ ಹತ್ತಿರ ಹೋಗಿ ಮೇಲೆ ಕೆಳಗೆ ತಿರುಗಿಸಿ ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, ಕೋರ್ಟಿನಲ್ಲಿ ಗೆದ್ದವರ ದನಿಯಲ್ಲಿ ಹೇಳಿದರು:

"ಮದ್ವೆ ಆದಾಗಿಂದ ನನ್ನ ಎದೆ ಮ್ಯಾಲೆ ಕಲ್ಲು ಹೇರವ್ನೆ, ಕಲ್ಲು ಹೇರವ್ನೆ ಅಂತ ಊರೆಲ್ಲ ಯೋಳ್ಕಂಡ್ ತಿರುಗ್ತಿದ್ದೆಯಲ್ಲ, ನೋಡೀಗ. ಒಂದು ಹರಳೂ ಇಲ್ಲ!"

ಗೋಡೆ ಮರೆಯ ಧೈರ್ಯ

ಅದೇ ಸೆಂಟರಿಗೆ ರೇಷ್ಮೆ ನೂಲು ತೆಗೆಯುವ ಸಾಹೇಬರೊಬ್ಬರು ಬಂದಿದ್ದರು. ಮೆಟ್ಟಿಲಲ್ಲಿ ಜಾರಿ ಮೊಣಕೈ ಊದಿತ್ತು. ಕೈಯನ್ನು ಟೇಬಲ್ಲಿನ ಮೇಲೆ ಇಡಿಸಿ, "ಅಲ್ಲಾಡಬೇಡಿ" ಅಂತ ಹೇಳಿ, ನಾನು ಎಂದಿನಂತೆ ಗೋಡೆಯ ಹಿಂದೆ ಹೋದೆ. ಗುಂಡಿ ಒತ್ತುವಷ್ಟರಲ್ಲಿ ಸಾಹೇಬರು ಕೈ ಎತ್ತಿಕೊಂಡು ನನ್ನ ಹಿಂದೆಯೇ ಬಂದು ನಿಂತಿದ್ದರು.

"ಯಾಕೆ ಬಂದಿರಿ?"

"ನೀವ್ಯಾಕೆ ಬಂದ್ರಿ ಮೇಡಂ?" ಅಂದರು. "ನಿಮಗೆ ಗೋಡೆ, ನನಗೆ ಬರೀ ಬನಿಯನ್ನು. ಇದು ಯಾವ ಇನ್ಸಾಫು?"

ಪ್ರಶ್ನೆ ನ್ಯಾಯವಾಗಿಯೇ ಇತ್ತು. ಅವರಿಗೆ ತಿಳಿಯುವ ಹಾಗೆ ಹೇಳಲು ಯೋಚಿಸಿದೆ. "ನೋಡಿ, ನಿಮ್ಮ ನೂಲಿನ ಮನೆಗೆ ನಾನು ಒಂದು ದಿನ ಬಂದರೆ, ಗೂಡು ಬೇಯಿಸುವ ಹಬೆ, ಹುಳದ ವಾಸನೆ ಒಂದು ಗಳಿಗೆ ಸಹಿಸಿಕೊಂಡು ಎದ್ದು ಬರುತ್ತೇನೆ. ನೀವು ದಿನವಿಡೀ ಅಲ್ಲೇ ಇರುತ್ತೀರಿ. ಜಾಸ್ತಿ ತೊಂದರೆ ಯಾರಿಗೆ?"

"ನಮಗೇ."

"ಹಾಗೇ ಇದು. ನಿಮಗೆ ಇವತ್ತು ಒಂದು ಸಲ. ನನಗೆ ಬೆಳಗಿನಿಂದ ಸಂಜೆವರೆಗೆ, ವರ್ಷಪೂರ್ತಿ. ಅದಕ್ಕೇ ಗೋಡೆ."

ಸಾಹೇಬರು ಒಪ್ಪಿ ಹೋಗಿ ಕೂತರು. ಎಕ್ಸ್‌ರೇ ಆಯಿತು, ಮೂಳೆ ಮುರಿದಿರಲಿಲ್ಲ. ಆದರೂ ಏಳಲಿಲ್ಲ. ಇನ್ನೊಂದು ಅನುಮಾನ.

"ನಮ್ಮ ವಾಸನೆ ಬಟ್ಟೆಗೆಲ್ಲ ಅಂಟ್ಕೊಂಡು ಮನೇವರೆಗೂ ಬರುತ್ತೆ. ನಿಮ್ಮ ಕಿರಣಾನೂ ಹಂಗೇ ರೂಮಲ್ಲಿ ನಿಲ್ಲುತ್ತಾ? ಮೈಗೆ ಅಂಟುತ್ತಾ?"

"ಇಲ್ಲ. ಬಲ್ಬು ಆರಿಸಿದ ಮೇಲೆ ಬೆಳಕು ಕೋಣೆಯಲ್ಲಿ ಉಳಿಯುತ್ತಾ? ಇದೂ ಬೆಳಕಿನ ಜಾತಿಯೇ. ಸ್ವಿಚ್ಚು ಬಿಟ್ಟ ಕ್ಷಣ ಖಾಲಿ."

ಸಾಹೇಬರು ನಿಟ್ಟುಸಿರು ಬಿಟ್ಟರು. "ಹಂಗಾದ್ರೆ ನಿಮ್ಮ ಕೆಲಸಾನೇ ವಾಸಿ ಮೇಡಂ. ನಾವು ಮೆಷಿನ್ ಬಂದ್ ಮಾಡಿ ಮನೆಗೆ ಹೋದ್ರೂ ನಮ್ಮ ಬೇಗಮ್ಮು ಬಾಗಿಲಲ್ಲೇ ತಡೆದು ಸೋಪು ಕೈಗೆ ಕೊಡ್ತಾರೆ."

ಒಳ್ಳೇ ಮನೆತನವಲ್ಲ

ನನ್ನ ತವರು ಚನ್ನಪಟ್ಟಣದ ಹತ್ತಿರದ ಬೈರಾಪಟ್ಟಣ. ಅಲ್ಲಿ ಮೊಬೈಲ್ ಟವರ್ ಹಾಕುತ್ತಾರೆ ಅಂತ ಸುದ್ದಿಯಾದಾಗ ವಿರೋಧಕ್ಕೆ ಮುಂದೆ ನಿಂತವರು ನಮ್ಮ ದೊಡ್ಡಪ್ಪ. ಟವರಿನಿಂದ ತಲೆನೋವು ಬರುತ್ತದೆ, ತೆಂಗಿನ ಹೀಚು ಉದುರುತ್ತದೆ, ಎಮ್ಮೆ ಗಬ್ಬ ನಿಲ್ಲುವುದಿಲ್ಲ ಅಂತ ಯಾರೋ ಅವರ ತಲೆಗೆ ತುಂಬಿದ್ದರು. ಮೀಟಿಂಗಿಗೆ ನನಗೂ ಬುಲಾವು ಬಂತು. "ನಮ್ಮ ಹುಡುಗಿ ರೇಡಿಯೇಷನ್ನಲ್ಲೇ ಕೆಲ್ಸ ಮಾಡೋದು, ಅವಳೇ ಯೋಳ್ತಾಳೆ ಬನ್ನಿ" ಅಂತ ಊರಿಗೆಲ್ಲ ಹೇಳಿಬಿಟ್ಟಿದ್ದರು.

ಬೆಳಿಗ್ಗೆ ಹಾಲಿನ ಡೈರಿ ಮುಂದೆ ಮೀಟಿಂಗು. ನಾನು ಹೋದಾಗ ಅಲ್ಲಿ ಇದ್ದವರು ಬೆರಳೆಣಿಕೆ. ದೊಡ್ಡಪ್ಪ ನೀರಿನ ಟ್ಯಾಂಕಿನ ಏಣಿ ಹತ್ತಿ, ಅರ್ಧಕ್ಕೆ ನಿಂತು, ಮೊಬೈಲನ್ನು ಆಕಾಶಕ್ಕೆ ಹಿಡಿದು ಕೂಗುತ್ತಿದ್ದರು.

"ಹಲೋ... ಹಲೋ! ಲೇ, ಕೇಳುಸ್ತಾ ಐತೇನ್ಲಾ? ಟವರ್ ಬ್ಯಾಡ ಅನ್ನಾಕೆ ಎಲ್ರೂ ಬಂದ್ಬುಡಿ ಕಣ್ಲಾ! ಹಲೋ! ಥೂ, ಕಟ್ಟಾಗೋಯ್ತು!"

ಜನ ಸೇರುವ ಹೊತ್ತಿಗೆ ಬಿಸಿಲೇರಿತ್ತು. ನಾನು ಎದ್ದು ನಿಂತು ಸಮಾಧಾನವಾಗಿ ಹೇಳಿದೆ. ರೇಡಿಯೋ, ಮೊಬೈಲು, ಬಿಸಿಲು, ನಮ್ಮ ಎಕ್ಸ್‌ರೇ, ಇವೆಲ್ಲ ಒಂದೇ ಮನೆತನದ ಅಲೆಗಳು. ಆದರೆ ಅಣ್ಣತಮ್ಮಂದಿರೆಲ್ಲ ಒಂದೇ ಥರ ಇರುತ್ತಾರಾ? ಎಕ್ಸ್‌ರೇ ಅನ್ನುವ ಅಣ್ಣ ಪೈಲ್ವಾನ. ಮೈಯೊಳಗೆ ನುಗ್ಗಿ ಕಣಕಣವನ್ನೇ ಕದಲಿಸುವ ಕಸುವು ಅವನಿಗಿದೆ, ಅದಕ್ಕೇ ಅವನನ್ನು ಅಳತೆಯಲ್ಲಿ ಇಟ್ಟಿರುತ್ತೇವೆ. ಮೊಬೈಲಿನ ಅಲೆ ಪಾಪದವನು, ಅಷ್ಟೆಲ್ಲ ಕಸುವಿಲ್ಲ. ಟವರನ್ನು ಎತ್ತರದಲ್ಲಿ, ನಿಯಮದ ಪ್ರಕಾರ ನಿಲ್ಲಿಸಿದರೆ ಸಾಕು.

ಜನ ತಲೆಯಾಡಿಸಿದರು. ದೊಡ್ಡಪ್ಪ ಮಾತ್ರ ಮೀಸೆ ನೀವಿಕೊಂಡರು.

"ಪಾಪದೋನೇ ಇರ್ಲಿ ಕಣವ್ವ. ಮನೆತನ ಅದೇ ತಾನೆ? ಅಣ್ಣ ಅಂಥೋನು ಅಂತ ಗೊತ್ತಿದ್ದೂ ತಮ್ಮುಂಗೆ ಹೆಣ್ಣು ಕೊಟ್ಟಾರಾ?"

"ದೊಡ್ಡಪ್ಪ, ಈಗ ನೀವು ಕೂತಿರೋ ಬಿಸಿಲೂ ಅದೇ ಮನೆತನ" ಅಂದೆ.

ದೊಡ್ಡಪ್ಪ ಕುರ್ಚಿಯನ್ನು ನೆರಳಿಗೆ ಎಳೆದುಕೊಂಡರು. ವಾದ ಮಾತ್ರ ಬಿಡಲಿಲ್ಲ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬರು, "ಟವರ್ ಬರ್ದೇ ಇದ್ರೆ ಹಿಂಗೇ ಟ್ಯಾಂಕ್ ಹತ್ಕಂಡು ಮಾತಾಡ್ಬೇಕು, ವಯಸ್ಸಾದ ಮೇಲೆ ಯಾರು ಹತ್ತೋರು?" ಅಂದರು. ಗುಜುಗುಜು ಎದ್ದಿತು. ದೊಡ್ಡಪ್ಪನಿಗೂ ಮೊಣಕಾಲು ನೋಯುತ್ತಿತ್ತು ಅಂತ ಕಾಣುತ್ತದೆ. ಬಹಳ ಹೊತ್ತು ಯೋಚಿಸಿ, ಎಲ್ಲರಿಗೂ ಒಪ್ಪಿಗೆಯಾಗುವ ತೀರ್ಮಾನ ಹೇಳಿದರು:

"ಟವರು ಪಕ್ಕದೂರಲ್ಲಿ ನಿಂತ್ಕಳ್ಲಿ. ಸಿಗ್ನಲ್ಲು ಮಾತ್ರ ನಮ್ಮೂರಿಗೆ ಬರ್ಲಿ."

ಮಾಗಡಿ ಕಡೆಯ ಒಂದು ಭಾಷಣ

ಮಾಗಡಿ ಕಡೆಯ ಹಳ್ಳಿಯೊಂದರಲ್ಲಿ ಮಹಿಳಾ ಸಂಘದವರು ಆರೋಗ್ಯದ ಬಗ್ಗೆ ಮಾತಾಡಲು ಕರೆದಿದ್ದರು. ಇದು ಚಿಕ್ಕ ಪ್ರಸಂಗ, ಯಾಕೆಂದರೆ ನನ್ನ ಭಾಷಣವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಎಕ್ಸ್‌ರೇ ಅಂದರೆ ಹೆದರಿ ಸಾಯಬೇಡಿ ಅನ್ನುವುದಕ್ಕೆ ಹೇಳಿದೆ: "ರೇಡಿಯೇಷನ್ ಎಲ್ಲ ಕಡೆ ಇದೆ ಅಕ್ಕಂದಿರಾ. ಆಕಾಶದಿಂದ ಬರುತ್ತೆ, ನೆಲದಿಂದ ಬರುತ್ತೆ. ನಮ್ಮ ಸುತ್ತ ಇರೋ ಬಂಡೆಗಳಲ್ಲಿ ಒಸಿ ಇದೆ, ತಿನ್ನೋ ಬಾಳೆಹಣ್ಣಿನಲ್ಲಿ ಒಸಿ ಇದೆ. ನಮ್ಮ ನಿಮ್ಮ ಮೈಯಿಂದಲೂ ಒಂದು ಚೂರು ಬರ್ತಾನೇ ಇರುತ್ತೆ. ಅಷ್ಟಕ್ಕೆಲ್ಲ ಏನೂ ಆಗಲ್ಲ."

ಕೊನೆಯ ಮಾತು ಯಾರ ಕಿವಿಗೂ ಬೀಳಲಿಲ್ಲ. ಒತ್ತಾಗಿ ಕೂತಿದ್ದ ಹೆಂಗಸರು ಮೆಲ್ಲಗೆ ಸರಿದು ಸರಿದು ಜಮಖಾನದ ನಾಲ್ಕು ಮೂಲೆ ಸೇರಿದರು. ಒಬ್ಬರು ಎದ್ದು ನಿಂತು ಬಹಳ ಗಂಭೀರವಾಗಿ ಕೇಳಿದರು.

"ಮನುಷ್ರ ಮೈಯಿಂದ ಬತ್ತದೆ ಅಂದ್ರಲ್ಲ, ಗಂಡಸ್ರ ಮೈಯಿಂದಲೂ ಬತ್ತದಾ?"

"ಎಲ್ಲರ ಮೈಯಿಂದಲೂ ಬರುತ್ತೆ."

"ಹಂಗಾದ್ರೆ ಅದನ್ನೇ ಒಂದು ಚೀಟೀಲಿ ಬರ್ದುಕೊಡಿ ಮೇಡಂ. ನಮ್ಮನೆಯೋನ ಗೊರಕೆ ತಡಿಯಕಾಯ್ತಿಲ್ಲ. ಇವತ್ತಿಂದ ಹಜಾರದಲ್ಲಿ ಮಲಕ್ಕೋ, ಡಾಕ್ಟ್ರು ಯೋಳವ್ರೆ ಅಂತೀನಿ."

ಅವರ ಹಿಂದೆ ಚೀಟಿಗೆ ಸಾಲು ನಿಂತಿತು.

ಬೆಂಕಿ ಇಲ್ಲದ ಒಲೆ

ನಮ್ಮ ಯಜಮಾನರು ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರು. ಅಲ್ಲಿಯ ವಾರ್ಷಿಕೋತ್ಸವದ ಲಕ್ಕಿ ಡ್ರಾದಲ್ಲಿ ಅವರಿಗೆ ಮೈಕ್ರೋವೇವ್ ಓವನ್ ಬಂತು. ನಮ್ಮ ಬೀದಿಯಲ್ಲಿ ಅದೇ ಮೊದಲನೆಯದು. ಅಕ್ಕಪಕ್ಕದವರೆಲ್ಲ ನೋಡಲು ಬಂದರು. ನಮ್ಮ ಅತ್ತೆ ಮಾತ್ರ ಅಡುಗೆಮನೆಯ ಬಾಗಿಲಲ್ಲೇ ನಿಂತರು.

"ಬೆಂಕಿ ಕಾಣಲ್ಲ, ಹೊಗೆ ಕಾಣಲ್ಲ. ಏನು ಮಾಡ್ತಾ ಐತೆ ಅಂತ್ಲೇ ಗೊತ್ತಾಗಲ್ಲ. ನಿನ್ನ ಗಂಡನ ಥರಾನೇ ಐತೆ ಕಣೆ ಇದು" ಅಂದರು. ಮಗನನ್ನು ಅಷ್ಟು ಸರಿಯಾಗಿ ಅವರು ಯಾವತ್ತೂ ವರ್ಣಿಸಿರಲಿಲ್ಲ.

"ಅತ್ತೆ, ಇದೂ ಒಂಥರಾ ಅಲೆ. ಅನ್ನದಲ್ಲಿರೋ ನೀರಿನ ಕಣಗಳನ್ನು ಹಿಡಿದು ಅಲ್ಲಾಡಿಸುತ್ತೆ, ಅದರಿಂದ ಬಿಸಿಯಾಗುತ್ತೆ. ಈ ಬಾಗಿಲಿನ ಗಾಜಿನೊಳಗೆ ಲೋಹದ ಜಾಲರಿ ಇದೆ ನೋಡಿ. ಅದು ಅಲೆಯನ್ನು ತಡೆಯುತ್ತೆ. ಒಳಗಿರೋದು ಒಳಗೇ ಇರುತ್ತೆ, ಆಚೆ ಬರಲ್ಲ. ಸ್ಟೀಲ್ ಪಾತ್ರೆ ಮಾತ್ರ ಇಡಬಾರದು, ಕಿಡಿ ಹಾರುತ್ತೆ."

ಅತ್ತೆ ಎಲ್ಲ ಕೇಳಿಸಿಕೊಂಡರು. ಮಾರನೇ ದಿನ ಪರೀಕ್ಷೆಗೆ ಅಂತ ತಣ್ಣಗಿನ ಮುದ್ದೆಯೊಂದನ್ನು ಪಿಂಗಾಣಿ ತಟ್ಟೆಯಲ್ಲಿಟ್ಟು, ನಾನು ತೋರಿಸಿಕೊಟ್ಟದ್ದಕ್ಕಿಂತ ಬಹಳ ಜಾಸ್ತಿ ಹೊತ್ತು ತಿರುಗಿಸಿದರು. ಹೊರಗೆ ತೆಗೆದಾಗ ಅದು ನೆಲಕ್ಕೆ ಬಿದ್ದು ಉರುಳಿಕೊಂಡು ಹೋಯಿತು, ಒಡೆಯಲಿಲ್ಲ. ಅಲ್ಲಿಗೆ ಓವನ್ನಿನ ಅಡುಗೆ ಮುಗಿಯಿತು. ಅತ್ತೆ ಪ್ಲಗ್ಗು ಕಿತ್ತು ವೈರು ಸುತ್ತಿಟ್ಟರು.

ಒಂದು ವಾರ ಬಿಟ್ಟು ಬಾಗಿಲು ತೆಗೆದು ನೋಡುತ್ತೇನೆ, ಒಳಗೆ ಸ್ಟೀಲಿನ ಹಾಲಿನ ಪಾತ್ರೆ! ಪಕ್ಕದಲ್ಲಿ ಮೊಸರಿನ ಬಟ್ಟಲು.

"ಅಯ್ಯೋ ಅತ್ತೆ, ಸ್ಟೀಲ್ ಇಡಬಾರದು ಅಂದಿರಲಿಲ್ವಾ? ಇದರೊಳಗೆ ಹಾಲು ಯಾಕಿಟ್ಟಿರಿ?"

"ಕರೆಂಟೇ ಕೊಟ್ಟಿಲ್ಲ, ಏನಾಯ್ತದೆ?" ಅಂದರು ಅತ್ತೆ. "ಒಳಗಿನ ಅಲೆ ಆಚೆ ಬರಾಕಿಲ್ಲ ಅಂತ ನೀನೇ ತಾನೆ ಅಂದಿದ್ದು? ಆಚೆ ಬೆಕ್ಕೂ ಒಳಗೆ ಹೋಗಾಕಿಲ್ಲ."

ಬಸ್‌ಸ್ಟ್ಯಾಂಡಿನ ಪೆಟ್ಟಿಗೆ

ಒಂದು ದಿನ ಬೆಳಿಗ್ಗೆ ಕನಕಪುರದ ಪೊಲೀಸರಿಂದ ಆಸ್ಪತ್ರೆಗೆ ಫೋನು. ಬಸ್‌ಸ್ಟ್ಯಾಂಡಿನಲ್ಲಿ ಒಂದು ಮರದ ಪೆಟ್ಟಿಗೆ ಅನಾಥವಾಗಿ ಬಿದ್ದಿದೆ, ಅದರ ಮೇಲೆ ಹಳದಿ ಬಣ್ಣದಲ್ಲಿ ರೇಡಿಯೇಷನ್ನಿನ ಗುರುತಿದೆ, ಹಾರೋಹಳ್ಳಿ ಬಸ್ಸಿನಿಂದ ಇಳಿದಿರಬೇಕು, ತಿಳಿದವರನ್ನು ತಕ್ಷಣ ಕಳಿಸಿ ಅಂತ. ಆಸ್ಪತ್ರೆಯಲ್ಲಿ ಡಾಕ್ಟರುಗಳೆಲ್ಲ ಒಬ್ಬರ ಮುಖ ಒಬ್ಬರು ನೋಡಿ, ಕೊನೆಗೆ ಎಲ್ಲರೂ ಸೇರಿ ನನ್ನ ಮುಖ ನೋಡಿದರು.

ಕಾರ್ಖಾನೆಗಳಲ್ಲಿ ಬೆಸುಗೆ ಗಟ್ಟಿಯಾಗಿದೆಯೇ ಅಂತ ನೋಡುವುದಕ್ಕೆ, ಒಂದು ಸಣ್ಣ ಲೋಹದ ಬಿಲ್ಲೆ ಸೂಸುವ, ಎಕ್ಸ್‌ರೇಗಿಂತ ಕಸುವಿನ ಗಾಮಾ ಕಿರಣ ಬಳಸುತ್ತಾರೆ. ನನ್ನ ಎಕ್ಸ್‌ರೇ ಮೆಷಿನ್ನಿಗೆ ಸ್ವಿಚ್ಚಿದೆ, ಆರಿಸಿದರೆ ಆಯಿತು. ಆ ಗಾಮಾ ಬಿಲ್ಲೆಗೆ ಸ್ವಿಚ್ಚೇ ಇಲ್ಲ. ಹಗಲೂ ಇರುಳೂ ಸೂಸುತ್ತಲೇ ಇರುತ್ತದೆ. ಅಂಥದ್ದೊಂದು ಬಸ್‌ಸ್ಟ್ಯಾಂಡಿನ ನಡುವೆ ಬಿದ್ದಿದ್ದರೆ?

ಸೀಸ ತುಂಬಿದ ದಪ್ಪ ಏಪ್ರನ್ ತೊಟ್ಟು ಜೀಪು ಹತ್ತಿದೆ. ಅದು ನಮ್ಮ ಎಕ್ಸ್‌ರೇಗೆ ಸಾಕು. ಗಾಮಾ ಕಿರಣಕ್ಕೆ ಅದನ್ನು ತೊಡುವುದೆಂದರೆ ಕೊಡೆ ಹಿಡಿದು ಹೊಳೆ ತಡೆದ ಹಾಗೆ. ಆದರೂ ಬರಿಗೈಯಲ್ಲಿ ಹೋಗಲು ಮನಸ್ಸು ಒಪ್ಪಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಬಸ್ಸುಗಳೆಲ್ಲ ಇಂಜಿನ್ ಆರಿಸಿ ನಿಂತಿದ್ದವು. ಸಿಮೆಂಟ್ ಬೆಂಚಿನ ಮೇಲೆ ಪೆಟ್ಟಿಗೆ. ಸುತ್ತ ಜಾತ್ರೆಯ ಹಾಗೆ ಜನ, ಕಡಲೆಕಾಯಿ ಮಾರುವವನಿಗೆ ಒಳ್ಳೇ ವ್ಯಾಪಾರ. ಇನ್ಸ್‌ಪೆಕ್ಟರು ನನ್ನನ್ನು ಕಂಡು ಜೀವ ಬಂದವರಂತೆ ಓಡಿ ಬಂದರು.

"ಬನ್ನಿ ಮೇಡಂ, ಬನ್ನಿ. ಲೇಡೀಸ್ ಫಸ್ಟು" ಅಂತ ಪೆಟ್ಟಿಗೆಯ ಕಡೆ ಕೈ ತೋರಿಸಿದರು.

"ಯಾರೂ ಹತ್ತಿರ ಹೋಗಬಾರದು ಸಾರ್. ಮೊದಲು ಜನರನ್ನು ದೂರ ಕಳಿಸಿ. ದೂರ ಎರಡರಷ್ಟಾದರೆ ಕಿರಣ ಕಾಲು ಭಾಗಕ್ಕೆ ಇಳಿಯುತ್ತೆ. ಹಾರೋಹಳ್ಳಿಗೆ ಫೋನ್ ಮಾಡಿ, ಯಾರ ಪೆಟ್ಟಿಗೆ ಅಂತ ವಿಚಾರಿಸಿ."

ಇನ್ಸ್‌ಪೆಕ್ಟರು ಕೂಗಿದರು. ಜನ ಹಿಂದೆ ಸರಿದರು. ಕಡಲೆಕಾಯಿಯವನೂ ಮಾರುತ್ತಲೇ ಹಿಂದೆ ಸರಿದ. ನಾವಿಬ್ಬರೂ ಒಂದು ಬಸ್ಸಿನ ಮರೆಯಲ್ಲಿ ನಿಂತೆವು.

"ರೇಡಿಯೇಷನ್ ಅಳೆಯೋ ಮೀಟರ್ ತಂದಿಲ್ವಾ?"

ನನ್ನ ಎದೆಗೆ ಚುಚ್ಚಿಕೊಂಡಿದ್ದ ಬ್ಯಾಡ್ಜು ತೋರಿಸಿದೆ. "ಇದೊಂದೇ ಸಾರ್ ಇರೋದು. ಮೂರು ತಿಂಗಳಿಗೊಂದು ಸಲ ಕಳಿಸಿಕೊಟ್ಟರೆ ಎಷ್ಟು ರೇಡಿಯೇಷನ್ ಬಿದ್ದಿದೆ ಅಂತ ರಿಪೋರ್ಟ್ ಬರುತ್ತೆ."

"ಅಲ್ಲೀವರೆಗೂ ಬಸ್‌ಸ್ಟ್ಯಾಂಡ್ ಬಂದ್ ಮಾಡ್ಲಾ?" ಅಂದರು ಇನ್ಸ್‌ಪೆಕ್ಟರು ಕರವಸ್ತ್ರದಲ್ಲಿ ಮುಖ ಒರೆಸಿಕೊಳ್ಳುತ್ತಾ. "ಸರಿಯಾದ ಮೀಟರ್ ಇದ್ದಿದ್ರೆ ಹೆಂಗೆ ಗೊತ್ತಾಗ್ತಿತ್ತು?"

"ಹತ್ತಿರ ಹಿಡಿದರೆ ಟಕ್ ಟಕ್ ಟಕ್ ಅಂತ ಸದ್ದು ಮಾಡುತ್ತೆ ಸಾರ್."

ಆ ಮಾತು ಮುಗಿದ ನಿಶ್ಶಬ್ದದಲ್ಲಿ ಬೆಂಚಿನ ಕಡೆಯಿಂದ ಕೇಳಿಸಿತು.

ಟಕ್.

ಒಂದು ಕ್ಷಣ ಬಿಟ್ಟು, ಟಕ್ ಟಕ್ ಟಕ್.

ಟಕ್ ಅನ್ನುವುದು ಮೀಟರು, ಕಿರಣ ಎಲ್ಲಾದರೂ ಸದ್ದು ಮಾಡುತ್ತದಾ ಅಂತ ನನ್ನ ತಲೆಗೆ ಚೆನ್ನಾಗಿ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ. ಜನ ಓಡಿದರು, ನಾನೂ ಓಡಿದೆ. ಅಷ್ಟು ಭಾರದ ಏಪ್ರನ್ನಿನಲ್ಲಿ ಎಷ್ಟು ದೂರ ಓಡಲಾದೀತು? ಏದುಸಿರು ಬಿಡುತ್ತಾ ನಿಂತು ತಿರುಗಿದರೆ, ಬೆನ್ನಿಗೆ ಅಂಟಿಕೊಂಡೇ ಇನ್ಸ್‌ಪೆಕ್ಟರು.

"ನೀವು ಸೀಸದ ಹಿಂದೆ, ನಾನು ನಿಮ್ಮ ಹಿಂದೆ ಮೇಡಂ" ಅಂದರು.

ಆಗ ಎದುರುಗಡೆಯಿಂದ ಒಬ್ಬ ಅಜ್ಜಿ ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಾ ಬಂದರು. ಎಲ್ಲೋ ಕಾಫಿ ಕುಡಿದು ಬಂದಂತಿತ್ತು. ನೇರವಾಗಿ ಪೆಟ್ಟಿಗೆಯ ಹತ್ತಿರ ಹೋಗಿ ಅದನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡರು.

"ಅಜ್ಜೀ! ಮುಟ್ಟಬ್ಯಾಡಾ! ಕೆಳಗಿಡೂ!" ಇಡೀ ಬಸ್‌ಸ್ಟ್ಯಾಂಡು ಒಂದೇ ಗಂಟಲಲ್ಲಿ ಕೂಗಿತು.

ಅಜ್ಜಿ ಕೆರಳಿದರು. "ಯಾಕ್ ಮುಟ್ಟಬಾರ್ದು? ನಂದು ಕಣ್ರಪ್ಪ! ಒಂದು ಗಳಿಗೆ ಆಚೆ ಹೋಗ್ಬಂದ್ರೆ ಹೊಡ್ಕಂಡೋಗಾಕೆ ನೋಡ್ತಾವ್ರೆ ಕಳ್ರು!"

ಅಂದವರೇ ಮುಚ್ಚಳ ಸರಿಸಿ ಒಳಗೆ ನೋಡಿದರು. ಕಪ್ಪು ಬಣ್ಣದ ಒಂದು ನಾಟಿ ಕೋಳಿ ಕತ್ತು ಹೊರಗೆ ಹಾಕಿ ನಮ್ಮೆಲ್ಲರನ್ನೂ ಒಮ್ಮೆ ನೋಡಿತು. ಆಮೇಲೆ ತಲೆ ಬಗ್ಗಿಸಿ ಪೆಟ್ಟಿಗೆಯ ಹಲಗೆಗೆ ಕುಕ್ಕಿತು.

ಟಕ್ ಟಕ್ ಟಕ್.

ವಿಷಯ ಇಷ್ಟೇ. ಅಜ್ಜಿಯ ಮಗ ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಗುಡಿಸುವ ಕೆಲಸದಲ್ಲಿದ್ದ. ಯಾವುದೋ ಕಿರಣದ ಮೆಷಿನ್ನು ಬಂದಿದ್ದ ಖಾಲಿ ಮರದ ಪೆಟ್ಟಿಗೆಯನ್ನು ಸೌದೆಗಾಗುತ್ತದೆ ಅಂತ ಮನೆಗೆ ತಂದಿದ್ದ. ಅಜ್ಜಿ ಅದಕ್ಕೆ ಗಾಳಿಯಾಡಲು ತೂತು ಕೊರೆದು, ಬಾಣಂತಿ ಮಗಳಿಗೆ ಸಾರು ಮಾಡಿಕೊಡಲು ಕೋಳಿ ತುಂಬಿಕೊಂಡು ಹೊರಟಿದ್ದರು. ನಾನು ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದೆ. ಬರೀ ಹಲಗೆ. ನಿಜವಾದ ಗಾಮಾ ಪೆಟ್ಟಿಗೆಯಾಗಿದ್ದರೆ ಒಳಗಿನ ಸೀಸದ ಭಾರಕ್ಕೆ ಆ ಅಜ್ಜಿ ಅದನ್ನು ಕದಲಿಸುವುದಕ್ಕೂ ಆಗುತ್ತಿರಲಿಲ್ಲ. ಇಷ್ಟು ಸಣ್ಣ ವಿಚಾರ, ಅಜ್ಜಿ ಅದನ್ನು ಸೊಂಟಕ್ಕೆ ಎತ್ತಿಕೊಂಡಾಗಲೂ ನನಗೆ ಹೊಳೆದಿರಲಿಲ್ಲ.

ಇನ್ಸ್‌ಪೆಕ್ಟರು ಜೀಪಿನ ಕೀಲಿಯಿಂದ ಆ ಹಳದಿ ಗುರುತನ್ನು ತಾವೇ ಕೆರೆದು ಹಾಕಿದರು. ಖಾಲಿ ಪೆಟ್ಟಿಗೆ ಎಸೆಯುವಾಗ ಗುರುತು ಅಳಿಸಿ ಎಸೆಯಿರಿ ಅಂತ ಕಾರ್ಖಾನೆಗೆ ತಾಕೀತು ಮಾಡುವಂತೆ ಪೇದೆಗೆ ಹೇಳಿದರು. ಬಸ್ಸುಗಳು ಸ್ಟಾರ್ಟಾದವು. ಜನ ನನ್ನ ಮುಖ ನೋಡಿ ನೋಡಿ ನಗುತ್ತಾ ಸೀಟು ಹಿಡಿಯಲು ಓಡಿದರು.

ಅಜ್ಜಿ ಮಾತ್ರ ಹೊರಡಲಿಲ್ಲ. ನನ್ನ ಹತ್ತಿರ ಬಂದು, ಕುತ್ತಿಗೆಯಿಂದ ಮೊಣಕಾಲಿನವರೆಗೆ ಇಳಿಬಿದ್ದಿದ್ದ ಏಪ್ರನ್ನನ್ನು ಬೆರಳಲ್ಲಿ ಒತ್ತಿ ಅದರ ದಪ್ಪ ನೋಡಿದರು. ಆಮೇಲೆ ಬಹಳ ಮರುಕದಿಂದ ಕೇಳಿದರು:

"ಒಂದು ಕೋಳಿ ಕುಕ್ತದೆ ಅಂತ ಇಷ್ಟೊಂದು ಹೆದರ್ಕಂಡ್ರೆ, ಬಾಳುವೆ ಹೆಂಗೆ ಮಾಡೀಯವ್ವ?"